ಹಣ ಹೋಗದಿದ್ದರೂ ಹೆಸರು ಹೋಗಿದೆ: ದೂರು ಸ್ವೀಕರಿಸಿ

ಮಾನ್ಯ ಸಂಪಾದಕರೇ,

ಸಾಮಾಜಿಕ ಜಾಲತಾಣಗಳಲ್ಲಿ ಇನ್ನೊಬ್ಬರ ಹೆಸರು ಮತ್ತು ಭಾವಚಿತ್ರ ಕದ್ದು ನಕಲಿ ಖಾತೆ ತೆರೆಯುವವರ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಆಗಾಗ ವರದಿಗಳು ಬರುತ್ತಿವೆ. ಅವುಗಳಲ್ಲಿ ಹೆಚ್ಚಿನವು ಎಷ್ಟು ಲಕ್ಷ ಹೋಯಿತು ಎಂಬಲ್ಲಿಂದಲೇ ಆರಂಭವಾಗುತ್ತವೆ. ಕಿಸೆಯಿಂದ ಒಂದು ರೂಪಾಯಿಯೂ ಹೋಗದೆ ಹೆಸರು ಮಾತ್ರ ಹೋದವರು ಎಲ್ಲಿಗೆ ಹೋಗಬೇಕು, ಯಾರನ್ನು ಕೇಳಬೇಕು ಎಂಬ ವಿಷಯವನ್ನು ದಕ್ಷಿಣ ಕನ್ನಡ ಮತ್ತು ಉಡುಪಿ ಜಿಲ್ಲೆಗಳ ಪೊಲೀಸ್ ಅಧಿಕಾರಿಗಳ ಗಮನಕ್ಕೆ ತರುವ ಸಲುವಾಗಿ ಈ ಪತ್ರ ಬರೆಯುತ್ತಿದ್ದೇನೆ. ಪತ್ರ ಸ್ವಲ್ಪ ದೀರ್ಘವಾಗಿದೆ, ಕ್ಷಮಿಸಬೇಕು.

ನಾನು ಬ್ರಹ್ಮಾವರ ಸಮೀಪದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ 31 ವರ್ಷ ಕನ್ನಡ ಪಾಠ ಮಾಡಿ, ಕೊನೆಯ ನಾಲ್ಕು ವರ್ಷ ಮುಖ್ಯೋಪಾಧ್ಯಾಯನಾಗಿದ್ದು ನಿವೃತ್ತನಾದವನು. ಕೆಲವು ತಿಂಗಳ ಹಿಂದೆ ಒಂದು ಬೆಳಿಗ್ಗೆ, ಮಲ್ಪೆ ಬಂದರಿನಲ್ಲಿ ಮೀನು ಸಾಗಿಸುವ ಟೆಂಪೊ ಇಟ್ಟುಕೊಂಡಿರುವ ಹಳೆಯ ವಿದ್ಯಾರ್ಥಿಯೊಬ್ಬ ಫೋನ್ ಮಾಡಿ, "ಸರ್, ನೀವು ಹುಷಾರಿದ್ದೀರಲ್ಲ?" ಎಂದು ಕೇಳಿದ. ಹುಷಾರಿದ್ದೇನೆ, ಯಾಕೆ ಎಂದೆ. ನನ್ನ ಹೆಸರಿನ ಖಾತೆಯಿಂದ ಅವನಿಗೆ, "ನಮಸ್ಕಾರ, ನೀವು ಹೇಗಿದ್ದೀರಿ? ನನಗೆ ನಿಮ್ಮ ಒಂದು ಸಹಾಯದ ಅಗತ್ಯವಿದೆ" ಎಂಬ ಸಂದೇಶ ಬಂದಿತ್ತಂತೆ. ಹಿಂದೆಯೇ, ಸ್ನೇಹಿತನೊಬ್ಬ ಆಸ್ಪತ್ರೆಯಲ್ಲಿದ್ದಾನೆ, ನನ್ನ ಗೂಗಲ್ ಪೇ ಕೆಲಸ ಮಾಡುತ್ತಿಲ್ಲ, ಈ ನಂಬರಿಗೆ ಹಾಕಿ, ನಾಳೆ ಬೆಳಿಗ್ಗೆ ವಾಪಸ್ ಮಾಡುತ್ತೇನೆ ಎಂಬ ಮಾತು. "ನೀವು ನನಗೆ ಹೇಗಿದ್ದೀರಿ ಅಂತ ಬರೆದದ್ದು ನೋಡಿಯೇ ಸಂಶಯ ಬಂತು ಸರ್. ಎಂಟನೇ ಕ್ಲಾಸಿನಿಂದ ಇವತ್ತಿನವರೆಗೆ ಮಾರಾಯ ಅಂತಲ್ಲದೆ ನನ್ನನ್ನು ಬೇರೆ ಕರೆದದ್ದುಂಟಾ?" ಎಂದ ಅವನ ಜಾಣತನಕ್ಕೆ ನಾನು ಇಂದಿಗೂ ಋಣಿ. ವ್ಯಾಕರಣ ಪಾಠದಲ್ಲಿ ಬಹುವಚನದ ಬಗ್ಗೆ ನಾನು ಹೇಳಿಕೊಟ್ಟದ್ದು ಕೊನೆಗೆ ಹೀಗೆ ಉಪಯೋಗಕ್ಕೆ ಬಂತು.

ಅವನು ಕಳುಹಿಸಿದ ಕೊಂಡಿ ತೆರೆದು ನೋಡಿದಾಗ ಕಂಡದ್ದು ನನ್ನದೇ ಮುಖ. ಬೀಳ್ಕೊಡುಗೆಯ ದಿನ ಶಾಲೆಯ ವೇದಿಕೆಯಲ್ಲಿ ಪೇಟ, ಶಾಲು, ಹಾರ ಹಾಕಿಸಿಕೊಂಡು, ಮಡಿಲಲ್ಲಿ ಹಣ್ಣುಹಂಪಲಿನ ತಟ್ಟೆ ಇಟ್ಟುಕೊಂಡು ಕುಳಿತಿದ್ದ ಚಿತ್ರ ಅದು. ಚಿತ್ರದ ಎಡ ಅಂಚಿನಲ್ಲಿ ಹಸಿರು ಬಣ್ಣದ ಒಂದು ಪಟ್ಟಿ ಉಳಿದಿತ್ತು. ಅದೇನೆಂದು ನನಗೆ ಹೊಳೆಯಲಿಲ್ಲ. ನನ್ನ ಪತ್ನಿ ಕನ್ನಡಕ ಹಾಕಿಕೊಂಡು, ಫೋನನ್ನು ಕಣ್ಣಿನ ಹತ್ತಿರ ಹಿಡಿದು ನೋಡಿ, "ಇದು ನನ್ನ ಸೀರೆ. ನನ್ನನ್ನು ಕತ್ತರಿಸಿ ಹಾಕಿದ್ದಾರೆ" ಎಂದಳು. ಈ ಚಿತ್ರ ನನ್ನ ಖಾತೆಯಲ್ಲಿ ಇರಲೇ ಇಲ್ಲ ಎಂಬುದನ್ನು ಇಲ್ಲಿ ಹೇಳಬೇಕು. ಖಾತೆಗೆ ಬೀಗ ಹಾಕಿ ಎಂದು ಎಲ್ಲರೂ ಉಪದೇಶಿಸುತ್ತಾರೆ. ಫೇಸ್‌ಬುಕ್ 2020ರ ಮೇ ತಿಂಗಳಲ್ಲಿ ಭಾರತದ ಬಳಕೆದಾರರಿಗೆ ಆ ಸೌಲಭ್ಯ ಕೊಟ್ಟದ್ದು ಒಳ್ಳೆಯದೇ. ಆದರೆ ನಮ್ಮ ಊರಿನಲ್ಲಿ ಒಬ್ಬನ ಭಾವಚಿತ್ರ ಅವನ ಖಾತೆಯಲ್ಲಿ ಮಾತ್ರ ಎಲ್ಲಿರುತ್ತದೆ? ಹಳೆ ವಿದ್ಯಾರ್ಥಿ ಸಂಘದ ಪುಟದಲ್ಲಿ, ಬ್ರಹ್ಮಕಲಶೋತ್ಸವದ ಫ್ಲೆಕ್ಸ್‌ನಲ್ಲಿ, ಬಯಲಾಟದ ಸೇವಾಕರ್ತರ ಪಟ್ಟಿಯಲ್ಲಿ, ಜಾತಿ ಸಂಘದ ಡೈರೆಕ್ಟರಿಯಲ್ಲಿ ಹೆಸರು, ಮನೆತನ, ಮೊಬೈಲ್ ಸಂಖ್ಯೆ ಸಹಿತ ಇರುತ್ತದೆ. ಬೀಗ ಹಾಕುವುದಕ್ಕಿಂತ ಗೆಳೆಯರ ಪಟ್ಟಿಯನ್ನು ಬೇರೆಯವರಿಗೆ ಕಾಣದಂತೆ ಮಾಡುವುದು ಹೆಚ್ಚು ಉಪಯುಕ್ತ ಎಂಬುದು ಈಗ ನನಗೆ ಗೊತ್ತಾಗಿದೆ, ಏಕೆಂದರೆ ಕಳ್ಳನಿಗೆ ನನ್ನ ಮುಖದಷ್ಟೇ ಅಗತ್ಯವಾಗಿ ಬೇಕಾದದ್ದು, ಆ ಮುಖವನ್ನು ನಂಬುವವರ ಪಟ್ಟಿ.

ಅದೇ ದಿನ ಠಾಣೆಗೆ ಹೋದೆ. ಯಾವ ಠಾಣೆ ಎಂದು ಬರೆಯುವುದಿಲ್ಲ, ಬರೆಯುವ ಅಗತ್ಯವೂ ಇಲ್ಲ, ಏಕೆಂದರೆ ಅಲ್ಲಿದ್ದವರು ಒರಟಾಗಿ ನಡೆದುಕೊಳ್ಳಲಿಲ್ಲ. ಕುಳ್ಳಿರಿಸಿದರು, ಚಹಾ ತರಿಸಿದರು, ಒಬ್ಬ ಸಿಬ್ಬಂದಿ ನನ್ನ ಫೋನು ತೆಗೆದುಕೊಂಡು ಪೂರ್ತಿ ನೋಡಿದರು. ಅವರು ಕೇಳಿದ ಮೊದಲ ಪ್ರಶ್ನೆ, "ದುಡ್ಡು ಎಷ್ಟು ಹೋಗಿದೆ ಸರ್?" ಹೋಗಿಲ್ಲ ಎಂದೆ. ಹಾಗಾದರೆ ನಿಮ್ಮ ಖಾತೆಯಲ್ಲಿ ಯಾರೂ ಹಣ ಕಳುಹಿಸಬೇಡಿ ಎಂದು ಹಾಕಿಬಿಡಿ, ಗುರುತಿನವರೆಲ್ಲ ಸೇರಿ ರಿಪೋರ್ಟ್ ಮಾಡಿದರೆ ಆ ಖಾತೆ ಹೋಗುತ್ತದೆ ಎಂದರು. ದೂರರ್ಜಿ ಬರೆದು ಕೊಡುತ್ತೇನೆ ಎಂದಾಗ, ಬೇಕಾದರೆ ಕೊಡಿ, ಅದರಿಂದ ಏನೂ ಆಗುವುದಿಲ್ಲ ಎಂದರು. ಕೊಟ್ಟೆ. ಸ್ವೀಕೃತಿ ಸಿಗಲಿಲ್ಲ.

ನಕಲಿ ಖಾತೆಯ ಮೇಲೆ ನಾನೂ ಹಳೆಯ ವಿದ್ಯಾರ್ಥಿಗಳೂ ರಿಪೋರ್ಟ್ ಮಾಡಿದೆವು. ಆ ಖಾತೆ ನಮ್ಮ ನಿಯಮಗಳನ್ನು ಉಲ್ಲಂಘಿಸಿಲ್ಲ ಎಂಬ ಉತ್ತರ ನನಗೆ ಮೊದಲು ಬಂತು. ನನ್ನ ಮುಖ ನನ್ನದಲ್ಲ ಎಂದು ಯಂತ್ರವೊಂದು ತೀರ್ಪು ಕೊಟ್ಟಂತಾಯಿತು. ಐದನೇ ದಿನ ಖಾತೆ ಮಾಯವಾಯಿತು. ಒಂಬತ್ತನೇ ದಿನ ಹೆಸರಿನಲ್ಲಿ ಒಂದೇ ಒಂದು ಅಕ್ಷರ ಬದಲಾಯಿಸಿಕೊಂಡು, ಅದೇ ಪೇಟ, ಅದೇ ಹಸಿರು ಅಂಚಿನೊಂದಿಗೆ ಮತ್ತೊಂದು ಖಾತೆ ಕಾಣಿಸಿಕೊಂಡಿತು.

ಹತ್ತನೇ ದಿನ ಅಬುಧಾಬಿಯಿಂದ ಇನ್ನೊಬ್ಬ ವಿದ್ಯಾರ್ಥಿ ಕರೆ ಮಾಡಿ, ಸ್ನೇಹಿತರು ಈಗ ಗುಣವಾಗಿದ್ದಾರೆಯೇ ಎಂದು ಕೇಳಿದ. ಊರಿನ ಬ್ಯಾಂಕ್ ಖಾತೆಯಿಂದ ಅವನು 12,000 ರೂಪಾಯಿ ಕಳುಹಿಸಿದ್ದ. ಅಷ್ಟು ದಿನ ಸುಮ್ಮನಿದ್ದುದು ಯಾಕೆ ಎಂದರೆ, ಸರ್ ಕೈಚಾಚಿ ಕೇಳಿದ್ದಾರೆ, ನೆನಪಿಸಿದರೆ ಮುಜುಗರವಾಗಬಹುದು ಎಂದಂತೆ. ಆ ಹಣವನ್ನು ನಾನು ಕೊಡುತ್ತೇನೆಂದರೆ ಅವನು ಫೋನ್ ಇಟ್ಟೇಬಿಟ್ಟ. ಮತ್ತೆ ಠಾಣೆಗೆ ಹೋಗಿ, ಈಗ ಹಣವೂ ಹೋಗಿದೆ ಎಂದು ತಿಳಿಸಿದಾಗ ಸಿಕ್ಕ ಉತ್ತರ, ಹಣ ಕಳೆದುಕೊಂಡವರೇ ಬಂದು ದೂರು ಕೊಡಬೇಕು ಎಂಬುದು. ಹಣ ಕಳೆದುಕೊಂಡವನು ಅಬುಧಾಬಿಯಲ್ಲಿ, ಹೆಸರು ಕಳೆದುಕೊಂಡವನು ಠಾಣೆಯ ಬೆಂಚಿನ ಮೇಲೆ. ಇಬ್ಬರ ನಡುವೆ ಅಪರಾಧವೇ ನಡೆದಿಲ್ಲ ಎಂಬಂತಾಯಿತು.

ಕಾನೂನು ಹೀಗೆ ಹೇಳುವುದಿಲ್ಲ. ಮಾಹಿತಿ ತಂತ್ರಜ್ಞಾನ ಕಾಯ್ದೆಗೆ 2008ರಲ್ಲಿ ತಂದ ತಿದ್ದುಪಡಿಯ ಮೂಲಕ ಸೇರಿದ, 2009ರ ಅಕ್ಟೋಬರ್ 27ರಿಂದ ಜಾರಿಯಲ್ಲಿರುವ ಕಲಂ 66ಸಿ ಪ್ರಕಾರ, ಇನ್ನೊಬ್ಬರ ವಿದ್ಯುನ್ಮಾನ ಸಹಿ, ಪಾಸ್‌ವರ್ಡ್ ಅಥವಾ ಇನ್ನಾವುದೇ ವಿಶಿಷ್ಟ ಗುರುತನ್ನು ವಂಚನೆಯಿಂದ ಇಲ್ಲವೇ ಅಪ್ರಾಮಾಣಿಕವಾಗಿ ಬಳಸಿದರೆ ಮೂರು ವರ್ಷದವರೆಗೆ ಸೆರೆವಾಸ ಮತ್ತು ಒಂದು ಲಕ್ಷ ರೂಪಾಯಿವರೆಗೆ ದಂಡ ವಿಧಿಸಬಹುದು. ಇನ್ನೊಬ್ಬರಂತೆ ನಟಿಸಿ ಕಂಪ್ಯೂಟರ್ ಅಥವಾ ಮೊಬೈಲ್ ಮೂಲಕ ಮೋಸ ಮಾಡಿದವನಿಗೆ ಪಕ್ಕದ 66ಡಿ ಕಲಂನಲ್ಲಿ ಇಷ್ಟೇ ಶಿಕ್ಷೆಯಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 319ನೇ ಕಲಂ ಕೂಡ ಇನ್ನೊಬ್ಬರಂತೆ ನಟಿಸಿ ಮಾಡುವ ವಂಚನೆಗೆ ಐದು ವರ್ಷದವರೆಗಿನ ಸೆರೆವಾಸ ಹೇಳುತ್ತದೆ. ಹೆಸರು, ಭಾವಚಿತ್ರಗಳು "ವಿಶಿಷ್ಟ ಗುರುತು" ಆಗುತ್ತವೆಯೇ ಎಂದು ವಕೀಲರು ವಾದಿಸಬಹುದು. ಅದನ್ನು ನ್ಯಾಯಾಲಯ ತೀರ್ಮಾನಿಸಲಿ. ಆದರೆ 66ಸಿ ಕಲಂನಲ್ಲಿ ಇಂತಿಷ್ಟು ಹಣ ಹೋಗಿರಬೇಕು ಎಂಬ ಮಾತು ಎಲ್ಲಿಯೂ ಇಲ್ಲ. ಅದೇ ಕಾಯ್ದೆಯ 77ಬಿ ಪ್ರಕಾರ ಮೂರು ವರ್ಷ ಹಾಗೂ ಅದಕ್ಕಿಂತ ಹೆಚ್ಚಿನ ಶಿಕ್ಷೆಯ ಅಪರಾಧಗಳು ಸಂಜ್ಞೇಯ, ಅಂದರೆ ನ್ಯಾಯಾಲಯದ ಅಪ್ಪಣೆಗೆ ಕಾಯದೆ ಪೊಲೀಸರೇ ತನಿಖೆ ಮಾಡಬಹುದಾದವು. ಸಂಜ್ಞೇಯ ಅಪರಾಧದ ಮಾಹಿತಿ ಬಂದರೆ ಎಫ್‌ಐಆರ್ ದಾಖಲಿಸಲೇಬೇಕೆಂದು ಲಲಿತಾ ಕುಮಾರಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರಲ್ಲಿಯೇ ಹೇಳಿದೆ. ಅಪರಾಧ ಪ್ರಕ್ರಿಯೆಯ ಹೊಸ ಕಾನೂನಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯು ಮೂರರಿಂದ ಏಳು ವರ್ಷದೊಳಗಿನ ಶಿಕ್ಷೆಯ ಅಪರಾಧಗಳಿಗೆ, ಮೇಲಧಿಕಾರಿಯ ಅನುಮತಿ ಪಡೆದು 14 ದಿನಗಳಲ್ಲಿ ಪ್ರಾಥಮಿಕ ವಿಚಾರಣೆ ಮುಗಿಸುವ ಅವಕಾಶ ಕೊಟ್ಟಿದೆ. ಅದನ್ನಾದರೂ ಮಾಡಬಹುದಿತ್ತು.

ಹಣವೇ ಇಲ್ಲದ ಪ್ರಕರಣದಲ್ಲಿ 66ಸಿ ಹಾಕಿದ್ದಕ್ಕೆ ಉದಾಹರಣೆ ಹುಡುಕಲು ದೂರ ಹೋಗಬೇಕಿಲ್ಲ. ನಮ್ಮ ನೆರೆಯ ಕೊಡಗಿನವರಾದ ನಟಿ ರಶ್ಮಿಕಾ ಮಂದಣ್ಣ ಅವರ ಮುಖವನ್ನು ಬೇರೊಬ್ಬ ಯುವತಿಯ ವಿಡಿಯೊಗೆ ಅಂಟಿಸಿ ಹರಿಬಿಟ್ಟಾಗ, 2023ರ ನವೆಂಬರ್‌ನಲ್ಲಿ ದೆಹಲಿ ಪೊಲೀಸರು ದಾಖಲಿಸಿದ ಪ್ರಕರಣದಲ್ಲಿ ಇದೇ ಕಲಂ ಇತ್ತು, ಎರಡು ತಿಂಗಳ ಬಳಿಕ ಆರೋಪಿಯ ಬಂಧನವೂ ಆಯಿತು. ಅಷ್ಟು ದೂರವೂ ಬೇಡ. ಜಿಲ್ಲಾಧಿಕಾರಿಗಳ, ಪೊಲೀಸ್ ವರಿಷ್ಠಾಧಿಕಾರಿಗಳ ಭಾವಚಿತ್ರ ಹಾಕಿ ನಕಲಿ ಖಾತೆ ತೆರೆದು, ಸಿಆರ್‌ಪಿಎಫ್‌ನಲ್ಲಿರುವ ಸ್ನೇಹಿತನಿಗೆ ವರ್ಗವಾಗಿದೆ, ಸೋಫಾ, ಫ್ರಿಜ್ ಅಗ್ಗಕ್ಕೆ ಕೊಡುತ್ತಾನೆ ಎಂದು ಆಸೆ ತೋರಿಸುವ ವಂಚನೆ ದೇಶದ ಬೇರೆ ಬೇರೆ ಕಡೆ ನಡೆದಿದೆ. ಆಗ ಅಧಿಕಾರಿಗಳ ಕಚೇರಿಯಿಂದ ಕೂಡಲೇ ಎಚ್ಚರಿಕೆಯ ಪ್ರಕಟಣೆ ಬರುತ್ತದೆ, ದೂರು ಹೋಗುತ್ತದೆ. ಸಂತೋಷವೇ. ಆ ಅಧಿಕಾರಿಯ ಕಿಸೆಯಿಂದಲೂ ಹಣ ಹೋಗಿರುವುದಿಲ್ಲ ಎಂಬುದನ್ನು ಮಾತ್ರ ನೆನಪಿಸುತ್ತೇನೆ.

ಹೆಸರಿನ ಕಳವು ಎಷ್ಟು ದೂರ ಹೋಗಬಲ್ಲದು ಎಂಬುದು ಕರಾವಳಿಯವರಾದ ನಮಗೆ ಬೇರೆ ಯಾರಿಗಿಂತಲೂ ಚೆನ್ನಾಗಿ ಗೊತ್ತಿರಬೇಕಿತ್ತು. ಕುಂದಾಪುರ ಕಡೆಯ ಯುವಕರೊಬ್ಬರು ಸೌದಿ ಅರೇಬಿಯಾದಲ್ಲಿ ದುಡಿಯುತ್ತಿದ್ದಾಗ, ಅವರ ಹೆಸರಿನಲ್ಲಿ ತೆರೆದ ನಕಲಿ ಫೇಸ್‌ಬುಕ್ ಖಾತೆಯಲ್ಲಿ ಅಲ್ಲಿನ ರಾಜಮನೆತನ ಮತ್ತು ಧರ್ಮದ ಬಗ್ಗೆ ಅವಹೇಳನಕಾರಿ ಬರಹ ಬಂದ ಕಾರಣಕ್ಕೆ 2019ರ ಡಿಸೆಂಬರ್‌ನಲ್ಲಿ ಬಂಧಿತರಾದರು. ಇಲ್ಲಿ ಅವರ ಪತ್ನಿ ಕೊಟ್ಟ ದೂರಿನ ಮೇಲೆ ಉಡುಪಿ ಪೊಲೀಸರು ತನಿಖೆ ನಡೆಸಿ, ಆ ಖಾತೆ ತೆರೆದದ್ದು ಬೇರೆಯವರು ಎಂದು ಪತ್ತೆ ಹಚ್ಚಿ 2020ರ ಅಕ್ಟೋಬರ್‌ನಲ್ಲಿ ಇಬ್ಬರನ್ನು ಬಂಧಿಸಿದರು. ಸೌದಿಯಲ್ಲಿ ಸಿಕ್ಕಿಬಿದ್ದಿದ್ದ ಆ ಯುವಕ ಊರಿಗೆ ಮರಳಿದ್ದು 2021ರ ಆಗಸ್ಟ್‌ನಲ್ಲಿ. ಸುಮಾರು ಇಪ್ಪತ್ತು ತಿಂಗಳು. ಆ ಪ್ರಕರಣದಲ್ಲಿ ಯಾರೂ ಯಾರಿಂದಲೂ ಹಣ ಕೇಳಿರಲಿಲ್ಲ. ಮಂಗಳೂರಿನ ಇನ್ನೊಬ್ಬರ ಕಥೆ ಇದಕ್ಕಿಂತಲೂ ಕಠಿಣ. ಅವರ ಹೆಸರಿನಲ್ಲಿಯೂ ನಕಲಿ ಖಾತೆ, ಅಂತಹುದೇ ಬರಹ, ಅದೇ ದೇಶದಲ್ಲಿ ಬಂಧನ ಮತ್ತು ಶಿಕ್ಷೆ. ಮಂಗಳೂರಿನಲ್ಲಿ ದೂರು ದಾಖಲಾಗಿ ವರ್ಷಗಳಾದರೂ ತನಿಖೆ ಮುಂದೆ ಹೋಗದಿದ್ದಾಗ ಪತ್ನಿ ಹೈಕೋರ್ಟಿಗೆ ಹೋದರು. ಪೊಲೀಸರೊಂದಿಗೆ ಸಹಕರಿಸದಿದ್ದರೆ ದೇಶದಲ್ಲಿ ಫೇಸ್‌ಬುಕ್ ಚಟುವಟಿಕೆಯನ್ನೇ ನಿಲ್ಲಿಸುವ ಆದೇಶದ ಬಗ್ಗೆ ಯೋಚಿಸಬೇಕಾಗುತ್ತದೆ ಎಂದು 2023ರ ಜೂನ್‌ನಲ್ಲಿ ಕರ್ನಾಟಕ ಹೈಕೋರ್ಟ್ ಎಚ್ಚರಿಸಿದ್ದು ಈ ಪ್ರಕರಣದಲ್ಲಿಯೇ.

ನನ್ನ ವಿದ್ಯಾರ್ಥಿಗಳಲ್ಲಿ ಎಷ್ಟೋ ಮಂದಿ ಕೊಲ್ಲಿ ದೇಶಗಳಲ್ಲಿದ್ದಾರೆ. ಅವರಲ್ಲಿ ಒಬ್ಬನ ಹೆಸರಿನಲ್ಲಿ ನಾಳೆ ಇಂತಹ ಖಾತೆ ತೆರೆದುಕೊಂಡರೆ, ಈ ಖಾತೆ ನನ್ನದಲ್ಲ ಎಂದು ಇಂತಹ ದಿನಾಂಕದಂದೇ ಊರಿನ ಠಾಣೆಗೆ ತಿಳಿಸಿದ್ದೇನೆ ಎಂದು ತೋರಿಸಲು ಅವನ ಕೈಯಲ್ಲಿ ಇರಬೇಕಾದದ್ದು ಮೊಹರು ಬಿದ್ದ ಒಂದು ಹಾಳೆ. ಹಣ ಹೋಗಿಲ್ಲವಲ್ಲ ಎಂದು ಅವನ ತಂದೆಯನ್ನೋ ಹೆಂಡತಿಯನ್ನೋ ಹಿಂದಕ್ಕೆ ಕಳುಹಿಸಿದರೆ ಆ ಹಾಳೆ ಎಲ್ಲಿಂದ ಬರಬೇಕು?

ಪೊಲೀಸರ ಕಷ್ಟ ನನಗೆ ಅರ್ಥವಾಗದೆ ಇಲ್ಲ. ಐಟಿ ಕಾಯ್ದೆಯ 78ನೇ ಕಲಂ ಪ್ರಕಾರ ಇನ್‌ಸ್ಪೆಕ್ಟರ್ ದರ್ಜೆಗಿಂತ ಕೆಳಗಿನವರು ಈ ಅಪರಾಧಗಳ ತನಿಖೆ ಮಾಡುವಂತಿಲ್ಲ. ಗ್ರಾಮಾಂತರ ಠಾಣೆಯಲ್ಲಿ ಸಬ್‌ಇನ್‌ಸ್ಪೆಕ್ಟರ್ ಇದ್ದರೆ ಅವರು ಸಹಜವಾಗಿಯೇ ಸೈಬರ್, ಆರ್ಥಿಕ ಮತ್ತು ಮಾದಕವಸ್ತು ಅಪರಾಧಗಳಿಗೆಂದೇ ಇರುವ ಜಿಲ್ಲಾ ಕೇಂದ್ರದ ಸೆನ್ ಠಾಣೆಗೆ ಹೋಗಿ ಎನ್ನುತ್ತಾರೆ. ಬೈಂದೂರಿನ ಮುದುಕ ಉಡುಪಿಗೆ, ಸುಳ್ಯದ ಹುಡುಗಿ ಮಂಗಳೂರಿಗೆ ಬಸ್ ಹತ್ತಬೇಕು. ಆದರೆ ತನಿಖೆ ಮಾಡುವುದು ಬೇರೆ, ಮಾಹಿತಿ ಸ್ವೀಕರಿಸುವುದು ಬೇರೆ. ಅಪರಾಧ ಎಲ್ಲಿ ನಡೆದಿದ್ದರೂ ಮಾಹಿತಿಯನ್ನು ಯಾವ ಠಾಣೆಯಲ್ಲಾದರೂ ಕೊಡಬಹುದು ಎಂದು ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಂ ಹೇಳುತ್ತದೆ. ಇನ್ನು 1930 ಸಹಾಯವಾಣಿ ಇರುವುದೇ ಕಳುಹಿಸಿದ ಹಣ ಮುಂದಿನ ಖಾತೆಗೆ ಜಿಗಿಯುವ ಮೊದಲು ತಡೆಯುವುದಕ್ಕೆ, ಹೀಗಾಗಿ ಅಲ್ಲಿ ಹಣದ ಪ್ರಶ್ನೆ ಮೊದಲು ಬರುವುದು ನ್ಯಾಯವೇ. 2025ರ ಮೇ ತಿಂಗಳಲ್ಲಿ ಕೇಂದ್ರ ಗೃಹ ಸಚಿವಾಲಯ ದೆಹಲಿಯಲ್ಲಿ ಪ್ರಾಯೋಗಿಕವಾಗಿ ತಂದ, ದೂರು ತಾನಾಗಿಯೇ ಎಫ್‌ಐಆರ್ ಆಗುವ ವ್ಯವಸ್ಥೆಗೂ ಆರಂಭದಲ್ಲಿ 10 ಲಕ್ಷ ರೂಪಾಯಿಗಿಂತ ಮೇಲಿನ ನಷ್ಟವೇ ಮಾನದಂಡವಾಗಿತ್ತು. ಹೀಗೆ ಮೇಲಿನಿಂದ ಕೆಳಗಿನವರೆಗೆ ಎಲ್ಲವೂ ರೂಪಾಯಿಯಲ್ಲೇ ಅಳೆಯಲ್ಪಡುತ್ತಿರುವಾಗ ಠಾಣೆಯ ಬರಹಗಾರರನ್ನು ಮಾತ್ರ ದೂರಿ ಪ್ರಯೋಜನವಿಲ್ಲ.

ಹಣವೇ ಬೇಡದ ಕಳವು ಇನ್ನೊಂದಿದೆ. ನಮ್ಮ ಪರಿಚಯದ ಮನೆಯೊಂದರಲ್ಲಿ ಪಿಯುಸಿ ಓದುವ ಹುಡುಗಿಯ ಚಿತ್ರ ಹಾಕಿ ಯಾರೋ ಖಾತೆ ತೆರೆದು, ಅವಳ ತರಗತಿಯ ಹುಡುಗರಿಗೆ ಅವಳ ಹೆಸರಿನಲ್ಲಿ ಬರೆಯುತ್ತಿದ್ದರು. ಮನೆಯವರು ದೂರು ಕೊಡಲಿಲ್ಲ, ಅವಳ ಫೋನನ್ನು ಕಿತ್ತುಕೊಂಡರು. ಆ ಮನೆಯವರಿಗೆ ನಾನು ಏನು ಹೇಳಬಹುದಿತ್ತು? ಠಾಣೆಗೆ ಹೋಗಿ ಎಂದರೆ ಅಲ್ಲಿ ಕೇಳುವ ಮೊದಲ ಪ್ರಶ್ನೆ ನನಗೆ ಗೊತ್ತಿತ್ತು.

ಜಾಲತಾಣಗಳ ಮೇಲೂ ಕಾನೂನಿನ ಹೊಣೆ ಇದೆ, ಅದನ್ನು ನಾನು ತಡವಾಗಿ ತಿಳಿದುಕೊಂಡೆ. 2021ರ ಫೆಬ್ರುವರಿ 25ರಂದು ಕೇಂದ್ರ ಸರ್ಕಾರ ಹೊರಡಿಸಿದ ನಿಯಮಗಳಲ್ಲಿಯೇ, ಇನ್ನೊಬ್ಬರಂತೆ ನಟಿಸುವ ಖಾತೆ ಅಥವಾ ತಿರುಚಿದ ಚಿತ್ರದ ಬಗ್ಗೆ ಬಾಧಿತರು ದೂರಿದರೆ 24 ಗಂಟೆಯೊಳಗೆ ಅದನ್ನು ತೆಗೆಯುವ ಕ್ರಮ ಕೈಗೊಳ್ಳಬೇಕೆಂದು ಹೇಳಲಾಗಿತ್ತು. 50 ಲಕ್ಷಕ್ಕಿಂತ ಹೆಚ್ಚು ಬಳಕೆದಾರರಿರುವ ಜಾಲತಾಣಗಳು ಭಾರತದಲ್ಲೇ ನೆಲೆಸಿರುವ ಕುಂದುಕೊರತೆ ಅಧಿಕಾರಿಯನ್ನು ನೇಮಿಸಬೇಕು. ಅವರ ಉತ್ತರ ಒಪ್ಪಿಗೆಯಾಗದಿದ್ದರೆ 30 ದಿನಗಳೊಳಗೆ ಮೇಲ್ಮನವಿ ಸಮಿತಿಗೆ ಹೋಗಬಹುದೆಂಬ ತಿದ್ದುಪಡಿ 2022ರ ಅಕ್ಟೋಬರ್‌ನಲ್ಲಿ ಬಂತು. ರಿಪೋರ್ಟ್ ಎಂಬ ಗುಂಡಿ ಒತ್ತುವುದು ಬೇರೆ, ಈ ಅಧಿಕಾರಿಗೆ ಹೆಸರು ಹಾಕಿ ದೂರು ಬರೆಯುವುದು ಬೇರೆ ಎಂಬುದು ನನಗೂ ಗೊತ್ತಿರಲಿಲ್ಲ, ಗುಂಡಿ ಒತ್ತಿ ಎಂದು ಸಲಹೆ ಕೊಟ್ಟವರಿಗೂ ಗೊತ್ತಿದ್ದಂತೆ ಕಾಣಲಿಲ್ಲ. ಇನ್ನೊಂದು ತಪ್ಪನ್ನೂ ನಾನೇ ಮಾಡಿದೆ. ಚಿತ್ರ ತೆಗೆದಿಟ್ಟುಕೊಂಡೆನೇ ಹೊರತು ಎರಡನೇ ಖಾತೆಯ ಕೊಂಡಿಯನ್ನು ಬರೆದಿಟ್ಟುಕೊಳ್ಳಲಿಲ್ಲ. ಹೆಸರನ್ನೂ ಚಿತ್ರವನ್ನೂ ಕಳ್ಳ ಯಾವಾಗ ಬೇಕಾದರೂ ಬದಲಿಸಬಹುದು, ತನಿಖೆಗೆ ಹಿಡಿತ ಸಿಗುವುದು ಕೊಂಡಿಯಲ್ಲಿ. ಮೊದಲನೆಯದರ ಕೊಂಡಿ ಉಳಿದದ್ದು ಮಲ್ಪೆಯ ಹುಡುಗ ಕಳುಹಿಸಿದ್ದರಿಂದ.

ಬಳಿಕ ಮೊಮ್ಮಗಳ ಸಹಾಯದಿಂದ ಕೇಂದ್ರ ಸರ್ಕಾರದ ಸೈಬರ್ ಅಪರಾಧ ಪೋರ್ಟಲ್‌ನಲ್ಲಿ ದೂರು ದಾಖಲಿಸಿದೆ. ನಕಲಿ ಖಾತೆ ಎಂಬ ವಿಭಾಗ ಅಲ್ಲಿ ಪ್ರತ್ಯೇಕವಾಗಿಯೇ ಇದೆ. ಒಂದು ಸಂಖ್ಯೆ ಸಿಕ್ಕಿತು. ಸಂಖ್ಯೆ ಎಂದರೆ ಎಫ್‌ಐಆರ್ ಅಲ್ಲ. ಆ ದೂರು ಸುತ್ತು ಹಾಕಿ ಅದೇ ಠಾಣೆಗೆ ಬಂದಿದೆ ಎಂದು ತಿಳಿಯಿತು.

ಎರಡೂ ಜಿಲ್ಲೆಗಳ ಪೊಲೀಸ್ ವರಿಷ್ಠಾಧಿಕಾರಿಗಳಲ್ಲಿ ಮತ್ತು ಮಂಗಳೂರು ಪೊಲೀಸ್ ಆಯುಕ್ತರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ನಕಲಿ ಖಾತೆಯ ದೂರು ಬಂದಾಗ ಹಣ ಹೋಗಿದೆಯೇ ಇಲ್ಲವೇ ಎಂದು ನೋಡದೆ ಯಾವುದೇ ಠಾಣೆಯಲ್ಲಿ ಅದನ್ನು ಸ್ವೀಕರಿಸುವಂತೆ, ಖಾತೆಯ ಕೊಂಡಿ, ದಿನಾಂಕ, ವೇಳೆ ನಮೂದಿಸಿದ ಸ್ವೀಕೃತಿಯನ್ನು ಅಲ್ಲಿಯೇ ಕೊಡುವಂತೆ, ಪ್ರಕರಣ ದಾಖಲಿಸಲು ಸಾಧ್ಯವಿಲ್ಲವೆಂದಾದರೆ ಕಾರಣ ಬರೆದ ಹಿಂಬರಹವನ್ನಾದರೂ ಕೊಡುವಂತೆ ಒಂದು ಸುತ್ತೋಲೆ ಹೊರಡಿಸಬೇಕು. ದಾಖಲೆಗಳನ್ನು ಕಾಪಾಡಿಡಿ ಎಂಬ ನೋಟಿಸು ಅದೇ ವಾರದಲ್ಲಿ ಸೆನ್ ಠಾಣೆಯಿಂದ ಜಾಲತಾಣಕ್ಕೆ ಹೋಗಬೇಕು. ಇದರಲ್ಲಿ ಅವಸರಕ್ಕೆ ಕಾರಣವಿದೆ. 2021ರ ನಿಯಮಗಳ ಪ್ರಕಾರ, ತೆಗೆದುಹಾಕಿದ ಖಾತೆಯ ವಿವರಗಳನ್ನು ಜಾಲತಾಣ ತನಿಖೆಯ ಸಲುವಾಗಿ 180 ದಿನ ಉಳಿಸಿಕೊಳ್ಳಬೇಕು. ಅದರ ಮೇಲೆ ಉಳಿಸಬೇಕಾದರೆ ನ್ಯಾಯಾಲಯವೋ ಅಧಿಕಾರ ಪಡೆದ ಸಂಸ್ಥೆಯೋ ಹೇಳಬೇಕು.

ನನ್ನ ಹೆಸರಿನ ಮೊದಲ ನಕಲಿ ಖಾತೆ ಅಳಿದು ಈ ಪತ್ರ ಬರೆಯುವ ದಿನಕ್ಕೆ 112 ದಿನಗಳಾದವು. ಠಾಣೆಗೆ ಕೊಟ್ಟ ಅರ್ಜಿಯ ಪ್ರತಿ ನನ್ನ ಮೇಜಿನ ಮೇಲಿದೆ, ಅದರ ಮೇಲೆ ಇನ್ನೂ ಮೊಹರು ಬಿದ್ದಿಲ್ಲ. ಉಳಿದಿರುವುದು 68 ದಿನ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಮುಖ್ಯೋಪಾಧ್ಯಾಯ,
ಬ್ರಹ್ಮಾವರ, ಉಡುಪಿ ಜಿಲ್ಲೆ